ಮಣಿಗಂಟಿನ ತಪಸ್ಸುಕಾಲ

ಕತ್ತಿ ನೋಡಲಿಕ್ಕೆ ಹಗುರವಾಗಿ ಕಾಣುತ್ತದೆ. ಟೀಚರ್ ಅದನ್ನು ಗೋಡೆಯ ಮೊಳೆಯಿಂದ ತೆಗೆದು ಊದುಬತ್ತಿ ಕೊಟ್ಟಷ್ಟು ಸಲೀಸಾಗಿ ಕೊಡುತ್ತಾರೆ. ತೆಗೆದುಕೊಂಡವರ ಕೈ ಒಂದು ಗೇಣು ಕೆಳಗೆ ಹೋಗಿ, ಓಹೋ ಇದು ಕಬ್ಬಿಣ ಎಂದು ತಿಳಿದುಕೊಂಡು, ಆಮೇಲೆ ಮೇಲೆ ಬರುತ್ತದೆ. ನನ್ನ ಕೈಯೂ ಕೆಳಗೆ ಹೋಯಿತು, ಮೇಲೆ ಬಂತು. ಕತ್ತಿಯ ಮೊನೆ ಮಾತ್ರ ಬರಲಿಲ್ಲ. ನೀರು ಕಾಣದ ಬಸಳೆ ಬಳ್ಳಿಯ ಹಾಗೆ ಅದು ನೆಲ ನೋಡುತ್ತಾ ಬಾಗಿಯೇ ಇತ್ತು.

"ಬಾಯಮ್ಮ, ನಿಮ್ಮ ಕತ್ತಿಗೆ ನಾಚಿಕೆ ಆಗ್ತಾ ಉಂಟು," ಎಂದಳು ಪಕ್ಕದಲ್ಲಿ ನಿಂತಿದ್ದ ಗೆಳತಿ.

ಈ ಗೆಳತಿ ಕಾಪುವಿನವಳು. ಮನೆಯವರಿಗೆ ದೋಣಿ, ಮೀನಿನ ವ್ಯಾಪಾರ. ಇವಳಿಗೆ ಮಣಿಪಾಲದಲ್ಲಿ ಆಫೀಸು ಕೆಲಸ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದು ಕರೆಯುವ ಹಳೆಯ ರೂಢಿಯನ್ನು ಅವಳು ಬಿಟ್ಟಿಲ್ಲ. ನಾವಿಬ್ಬರೂ ಮೊದಲು ಹೋಗುತ್ತಿದ್ದದ್ದು ಯೋಗಕ್ಕೆ, ಜೆರಾಕ್ಸ್ ಅಂಗಡಿಯ ಮೇಲಿನ ಇದೇ ಹಾಲಿಗೆ. ಯೋಗ ಕಲಿಸುತ್ತಿದ್ದ ಹುಡುಗಿ ಮದುವೆಯಾಗಿ ದುಬೈಗೆ ಹೋದಳು. ಅದೇ ಹೊತ್ತಿಗೆ ಅದೇ ಹಾಲಿಗೆ ಕತ್ತಿವರಸೆಯವರು ಬಂದರು. ಮಳೆಗಾಲ ಮುಗಿದ ಒಂದು ಸಂಜೆ ಚಾಪೆ ಹಿಡಿದುಕೊಂಡು ಹೋದ ನಾವು ಬಿದಿರಿನ ಕೋಲು ಹಿಡಿದುಕೊಂಡು ಮನೆಗೆ ಬಂದೆವು. ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ. ಕೇಳಿದವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ, ಅವರಿಗೆ ಸ್ವಲ್ಪ ನಿರಾಶೆಯಾಗುತ್ತದೆ.

ಟೀಚರ್ ಕಾರ್ಕಳದವರು. ಹಗಲು ಒಂದು ಶಾಲೆಯಲ್ಲಿ ಆಟದ ಟೀಚರು, ಸಂಜೆ ಇಲ್ಲಿ. ಅವರ ತಂದೆ ಊರಿನ ಗಂಡುಮಕ್ಕಳಿಗೆ ತಾಲೀಮು ಕಲಿಸುತ್ತಿದ್ದವರು. ಕೋಲು, ಕತ್ತಿ ತಿರುಗಿಸುವುದಕ್ಕೆ ನಮ್ಮ ಕಡೆ ಹೇಳುವುದು ಹಾಗೆ. ಮಗಳು ಹೆಂಗಸರಿಗೂ ಶುರು ಮಾಡಿದ್ದಾರೆ. ಕಲಿಕೆಗೆ ಮೂರು ಮೆಟ್ಟಿಲು: ಮೊದಲು ಬಿದಿರು, ಆಮೇಲೆ ಮರದ ಕತ್ತಿ, ಕೊನೆಗೆ ಕಬ್ಬಿಣದ್ದು. ಅಲಗು ಮೊಂಡು, ಮೊನೆಯೂ ಮೊಂಡು. ಹಲಸಿನ ಹಣ್ಣನ್ನೂ ಕೊಯ್ಯದ ಕತ್ತಿ ಅದು. ಆದರೂ ಅದು ನಮ್ಮದಾಗಬೇಕಾದರೆ ಒಂದು ಪರೀಕ್ಷೆ ಉಂಟು. ತೋಳನ್ನು ಭುಜದ ಮಟ್ಟಕ್ಕೆ ನೇರ ಚಾಚಿ ಕತ್ತಿ ಹಿಡಿದು ನಿಲ್ಲಬೇಕು. ಟೀಚರ್ ತಾಸೆ ಎಂಬ ಸಣ್ಣ ಚರ್ಮವಾದ್ಯ ಬಡಿಯಲು ಶುರು ಮಾಡಿದ ಮೇಲೆ ಎಂಟರ ಆಕಾರದಲ್ಲಿ ಆ ಕಡೆ, ಈ ಕಡೆ ತಿರುಗಿಸಬೇಕು. ತಾಸೆ ನಿಲ್ಲುವವರೆಗೆ ಕತ್ತಿ ನಿಲ್ಲಬಾರದು, ತಿರುಗಿಸಿ ಆದ ಮೇಲೆ ಮೊನೆ ಮಣಿಗಂಟಿಗಿಂತ ಕೆಳಗೆ ಬರಬಾರದು. ತಾಸೆ ಯಾವಾಗ ನಿಲ್ಲುತ್ತದೆ ಎಂಬುದು ಟೀಚರ ಮರ್ಜಿ.

ನಮ್ಮ ತಂಡದ ಪರೀಕ್ಷೆ ಈಸ್ಟರ್ ಕಳೆದ ವಾರ ಎಂದು ನಿಶ್ಚಯವಾಯಿತು. ತೇರ್ಗಡೆಯಾದವರು ಕಾರ್ಕಳಕ್ಕೆ ಹೋಗುವುದು, ಅಲ್ಲಿ ಬೇಸಿಗೆ ಶಿಬಿರದ ಕೊನೆಯ ದಿನ ಹೆಂಗಸರ ಪ್ರದರ್ಶನ. ಆಗದವರು ಮರದ ಕತ್ತಿಯೊಂದಿಗೆ ಹೈಸ್ಕೂಲ್ ಹುಡುಗಿಯರ ತಂಡಕ್ಕೆ. ಆ ತಂಡದಲ್ಲಿ ಎಲ್ಲರಿಗೂ ಎರಡು ಜಡೆ.

ನನಗೆ ಆ ಕಬ್ಬಿಣದ ಕತ್ತಿ ಬೇಕಿತ್ತು. ಹೀಗೆ ಬರೆಯುವುದು ಸುಲಭ, ಒಪ್ಪಿಕೊಳ್ಳಲಿಕ್ಕೆ ನನಗೆ ಸಮಯ ಹಿಡಿಯಿತು. ಕಾನ್ವೆಂಟಿನಲ್ಲಿ ಇದ್ದಷ್ಟು ವರ್ಷ ನಡತೆಗಿರುವ ಬಹುಮಾನ ನನಗೇ ಬರುತ್ತಿತ್ತು. ಬಹುಮಾನ ಅಂದರೆ ಒಂದು ಸೋಪಿನ ಡಬ್ಬಿ, ಒಳಗೆ ಸೋಪು. ನೆಂಟರೆಲ್ಲ ನನ್ನನ್ನು ಸಾಧು ಎನ್ನುತ್ತಾರೆ, ಮದುವೆಯ ಮಾತುಕತೆಯಲ್ಲೂ ಆ ಶಬ್ದ ಬಂದಿತ್ತಂತೆ. ಸೀರೆಯಾಗಲಿ ಒಡವೆಯಾಗಲಿ ಇದೇ ಬೇಕು ಎಂದು ಹಟ ಹಿಡಿದವಳಲ್ಲ ನಾನು. ಈ ಮೊಂಡು ಕತ್ತಿಯ ಮೇಲೆ ಅಷ್ಟು ಆಸೆ ಎಲ್ಲಿಂದ ಬಂತೋ. ಪರ್ಕಳದಲ್ಲಿರುವ ನಮ್ಮ ಮನೆಯಲ್ಲಿ ಮೀನು ತೊಳೆಯುತ್ತಾ ಇದ್ದಾಗಲೂ ಅದರ ಹಿಡಿಯ ಹಿತ್ತಾಳೆಯ ಮೊಗ್ಗು ಕಣ್ಣ ಮುಂದೆ ಬರುತ್ತಿತ್ತು.

ಮೊನೆ ಬಾಗುತ್ತದೆ ಅಂದರೆ ಮಣಿಗಂಟಿಗೆ ಶಕ್ತಿ ಸಾಲದು ಎಂದರು ಟೀಚರ್, ಎಲ್ಲರಿಗೂ ಹೇಳುವ ಹಾಗೆ ನನಗೂ ಹೋಮ್‌ವರ್ಕ್ ಕೊಟ್ಟರು. ಕೋಲಿನ ನಡುವಿಗೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಭಾರ ಕಟ್ಟಿ, ಕೋಲನ್ನು ಎರಡೂ ಕೈಯಲ್ಲಿ ತಿರುಗಿಸುತ್ತಾ ಭಾರವನ್ನು ಮೇಲೆ ಸುತ್ತಿ ತರುವುದು, ಹಾಗೆಯೇ ಇಳಿಸುವುದು. ಮೈ ಒರೆಸುವ ಬೈರಾಸನ್ನು ಒದ್ದೆ ಮಾಡಿ ಹಿಂಡುವುದು. ಮುಷ್ಟಿ ಊರಿ ನೆಲದಿಂದ ಮೈ ಎತ್ತುವುದು. ಹೋಮ್‌ವರ್ಕ್ ಕೊಟ್ಟರೆ ಹೇಳಿದ್ದಕ್ಕಿಂತ ಒಂದು ಪುಟ ಹೆಚ್ಚು ಬರೆಯುವ ಜಾತಿಯವಳು ನಾನು. ಅಂಗಳದ ಮೂಲೆಯಲ್ಲಿದ್ದ ಕೆಂಪುಕಲ್ಲಿನ ತುಂಡಿಗೆ ಹಗ್ಗ ಕಟ್ಟಿ ಹಿಂದಿನ ಜಗಲಿಯಲ್ಲಿ ನಿಂತು ಎತ್ತಿದೆ, ಇಳಿಸಿದೆ.

ನನ್ನ ಅತ್ತೆ, ನಾವು ಮಾಂಯ್ ಎನ್ನುತ್ತೇವೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ನಮ್ಮ ಮನೆಮಾತು ಕೊಂಕಣಿ. ಅವರ ಮಾತಿನ ಖಾರ ಕನ್ನಡದಲ್ಲಿ ಅರ್ಧಕ್ಕೆ ಇಳಿಯುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ.

"ಬಾವಿ ಎಲ್ಲಿ?" ಎಂದು ಕೇಳಿದರು.

"ಬಾವಿ ಎಂತಕ್ಕೆ ಮಾಂಯ್?"

"ಕಲ್ಲು ಇಳಿಸುವವರು ಬಾವಿಗಾದರೂ ಇಳಿಸ್ತಾರೆ. ನೀನು ಗಾಳಿಗೆ ಇಳಿಸ್ತಾ ಇದ್ದೀ."

ಗಂಡ ಪೇಪರಿನ ಹಿಂದಿನಿಂದ, "ಶಕ್ತಿ ಬರಲಿಕ್ಕೆ ಅಮ್ಮಾ," ಎಂದರು. ಅವರು ಬಹಳ ವರ್ಷ ಗಲ್ಫಿನಲ್ಲಿ ಒಂದು ಕಂಪೆನಿಯ ಸ್ಟೋರು ನೋಡಿಕೊಂಡಿದ್ದವರು, ಈಗ ನಮ್ಮ ಅಡುಗೆಮನೆಯ ಸ್ಟೋರು ನೋಡಿಕೊಳ್ಳುತ್ತಾರೆ. ಅವರು ಮುಚ್ಚಳ ಹಾಕಿದರೆ ಡಬ್ಬ ಹಡಗಿನಲ್ಲಿ ಹೋಗಿ ಬಂದರೂ ತೆರೆಯಬಾರದು. ಉಪ್ಪಿನ ಭರಣಿ ತೆರೆಯಲಿಕ್ಕೆ ನಾನು ಸೆರಗು ಸುತ್ತಿ, ಎದೆಗೆ ಒತ್ತಿ ಹಿಡಿದು, ಉಸಿರು ಕಟ್ಟಿ ತಿರುಗಿಸಬೇಕು. ಆಗ ಅದು ನನಗೆ ವ್ಯಾಯಾಮದ ಲೆಕ್ಕಕ್ಕೆ ಸೇರುತ್ತದೆ ಎಂದೇ ಖುಷಿಯಾಗಿತ್ತು.

ವ್ಯಾಯಾಮ ಹೆಚ್ಚಾದ ಹಾಗೆ ಮೊನೆ ಮೇಲೆ ಬರಬೇಕಲ್ಲ, ಅದು ಇನ್ನೂ ಕೆಳಗೆ ಹೋಯಿತು. ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ಒಂದು ನೋವು ಶುರುವಾಯಿತು, ತಂತಿ ಎಳೆದು ಕಟ್ಟಿದ ಹಾಗೆ. ಅಷ್ಟರಲ್ಲಿ ಬೂದಿ ಬುಧವಾರ ಬಂತು, ಇಗರ್ಜಿಯಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದೆವು. ಅಲ್ಲಿಂದ ಈಸ್ಟರ್‌ವರೆಗೆ ತಪಸ್ಸುಕಾಲ. ಮಾಂಸ ಬಿಡುವವರು ಮಾಂಸ, ಸಕ್ಕರೆ ಬಿಡುವವರು ಸಕ್ಕರೆ ಬಿಡುತ್ತಾರೆ. ಶಾಲೆಯಲ್ಲಿ ಸಿಸ್ಟರುಗಳು ನಮಗೆ ಇನ್ನೊಂದು ಕಲಿಸಿದ್ದರು: ಏನಾದರೂ ನೋವಾದರೆ ಗೊಣಗಬಾರದು, ಅದನ್ನು ಒಪ್ಪಿಸಿಬಿಡಬೇಕು. ಬಿದ್ದು ಮೊಣಕಾಲು ತರಚಿದರೆ ಸ್ವರ್ಗಕ್ಕೆ ಹೋಗುವ ಮೊದಲು ಶುದ್ಧೀಕರಣ ಸ್ಥಳದಲ್ಲಿ ಕಾಯುತ್ತಿರುವ ಆತ್ಮಗಳಿಗಾಗಿ ಒಪ್ಪಿಸು. ಹಲ್ಲುನೋವು ಬಂದರೆ ಒಪ್ಪಿಸು. ನಿನ್ನ ನೋವಿನಿಂದ ಯಾರೋ ಒಬ್ಬರು ಸ್ವರ್ಗಕ್ಕೆ ಒಂದು ಮೆಟ್ಟಿಲು ಹತ್ತುತ್ತಾರೆ. ಈ ಪಾಠ ನನ್ನಲ್ಲಿ ಎಷ್ಟು ಇಳಿದಿತ್ತೆಂದರೆ, ಮಣಿಗಂಟು ಜುಮ್ಮೆಂದಾಗೆಲ್ಲ ಡಾಕ್ಟರ್ ನೆನಪಾಗಲಿಲ್ಲ, ಟೀಚರ್ ನೆನಪಾಗಲಿಲ್ಲ. ತೀರಿಹೋದ ನೆಂಟರೇ ಸಾಲಾಗಿ ನೆನಪಾದರು. ದೊಡ್ಡಪ್ಪನಿಗೆ ಒಂದು ದಿನ, ದೊಡ್ಡಮ್ಮನಿಗೆ ಒಂದು ದಿನ. ಬಾಯಿ ಮುಚ್ಚಿಕೊಂಡು ಕಲ್ಲು ಎತ್ತಿದೆ.

ಗೆಳತಿ ಮಾತ್ರ ಕಣ್ಣಿಟ್ಟಿದ್ದಳು. ಮೀನು ಹಳತೋ ಹೊಸತೋ ಎಂದು ಕಿವಿರು ನೋಡಿ ಹೇಳುವ ಮನೆಯಲ್ಲಿ ಬೆಳೆದವಳು. ಒಂದು ಸಂಜೆ ಕೋಲು ಹಿಡಿಯುವ ಮೊದಲು ನಾನು ಯಾವಾಗಿನ ಹಾಗೆ ಶಿಲುಬೆಯ ಗುರುತು ಹಾಕಿಕೊಂಡೆ.

"ಬಾಯಮ್ಮ," ಎಂದಳು ಅವಳು, "ನೀವು ಇವತ್ತು ಎಡಗೈಯಲ್ಲಿ ಹಾಕಿದ್ರಿ."

"ಎಂತ?"

"ಶಿಲುಬೆ. ದಿನಾ ಬಲಗೈಯಲ್ಲಿ ಅಲ್ವಾ? ಇವತ್ತು ಎಡಗೈ."

ನನಗೇ ಗೊತ್ತಿರಲಿಲ್ಲ. ಹುಟ್ಟಿದಂದಿನಿಂದ ಬಲಗೈ ಹಣೆಗೆ ಹೋದದ್ದು. ಅಷ್ಟು ಎತ್ತಲಿಕ್ಕೂ ಅದಕ್ಕೆ ಮನಸ್ಸಿಲ್ಲದೆ, ನನ್ನನ್ನು ಕೇಳದೆ, ಎಡಗೈ ಆ ಕೆಲಸ ಮಾಡಿಬಿಟ್ಟಿತ್ತು. ಟೀಚರ್ ಕಿಟಕಿಯ ಬಳಿ ನೀರು ಕುಡಿಯುತ್ತಿದ್ದವರು ಬಾಟಲಿ ಇಟ್ಟು ಬಂದರು.

"ಅಕ್ಕ, ಕೈ ಕೊಡಿ. ಇಲ್ಲಿ ಒತ್ತಿದ್ರೆ ನೋವುಂಟಾ?"

ನಾನು ಉತ್ತರ ಕೊಡಬೇಕಾಗಲಿಲ್ಲ, ಕೈ ತಾನೇ ಹಿಂದೆ ಬಂತು.

"ಎಷ್ಟು ಸಮಯದಿಂದ?"

"ಬೂದಿ ಬುಧವಾರಕ್ಕಿಂತ ಸ್ವಲ್ಪ ಮೊದಲಿಂದ."

"ನನಗೆ ಯಾಕೆ ಹೇಳಲಿಲ್ಲ?"

"ಒಪ್ಪಿಸಿದ್ದೆ."

"ಯಾರಿಗೆ ಒಪ್ಪಿಸಿದ್ದು? ನನಗೆ ಯಾರೂ ಹೇಳಲಿಲ್ಲವಲ್ಲ."

ವಿವರಿಸದೆ ಉಪಾಯವಿರಲಿಲ್ಲ. ಶುದ್ಧೀಕರಣ ಸ್ಥಳ, ಅಲ್ಲಿ ಕಾಯುತ್ತಿರುವ ಆತ್ಮಗಳು, ನನ್ನ ದೊಡ್ಡಪ್ಪ, ಎಲ್ಲವನ್ನೂ ಹೇಳಿದೆ. ನಮ್ಮ ತಂಡದಲ್ಲಿದ್ದ ಹಾಸ್ಟೆಲ್ ಹುಡುಗಿಯರಿಬ್ಬರು ತುಟಿ ಒಳಗೆಳೆದುಕೊಂಡು ನೆಲ ನೋಡುತ್ತಿದ್ದರು.

"ಪಾಪ, ಆ ಆತ್ಮಗಳಿಗೆ ಎಂತಕ್ಕೆ ನಿಮ್ಮ ಮಣಿಗಂಟಿನ ನೋವು?" ಎಂದಳು ಗೆಳತಿ. "ಅವರಿಗೆ ಇರುವುದೇ ಸಾಕಲ್ವಾ?"

ಟೀಚರ್ ನಗಲಿಲ್ಲ. ನನ್ನನ್ನು ಬೆಂಚಿನಲ್ಲಿ ಕೂರಿಸಿ, ಬೆಳಿಗ್ಗೆ ಎದ್ದಲ್ಲಿಂದ ಕೈಯಲ್ಲಿ ಏನೇನು ಮಾಡುತ್ತೀರಿ ಹೇಳಿ ಎಂದರು. ಹೇಳಲು ಹೊರಟ ಮೇಲೆ ನನಗೇ ಆಶ್ಚರ್ಯವಾಯಿತು. ಹಾಲಿನ ಪ್ಯಾಕೆಟ್ಟಿನ ಮೂಲೆ ಹರಿಯುವುದರಿಂದ ಶುರುವಾಗಿ ಕೆಲಸಗಳು ಒಂದರ ಹಿಂದೆ ಒಂದು ಬಂದವು. ಕಾಯಿ ತುರಿಯುವುದು, ಹುಣಸೆಹುಳಿ ಹಿಂಡುವುದು, ನೆಲದ ಬಟ್ಟೆ ಹಿಂಡುವುದು, ಗಂಡ ಮುಚ್ಚಿದ್ದನ್ನು ತೆರೆಯುವುದು. ಅದರ ಮೇಲೆ ಕೆಂಪುಕಲ್ಲು. ಎಲ್ಲದರಲ್ಲೂ ಬೆರಳು ಮಡಚುವುದೇ. ಬೆರಳು ಬಿಡಿಸುವುದು ಎಲ್ಲಿ ಎಂದು ಟೀಚರ್ ಕೇಳಿದರು. ಯೋಚಿಸಿ ನೋಡಿದೆ. ಟಾಟಾ ಮಾಡುವಾಗ ಒಂದು.

"ನಿಮ್ಮ ಕೈಗೆ ಶಕ್ತಿ ಇಲ್ಲ ಅಂತ ನಾನು ತಿಳಿದದ್ದು ತಪ್ಪು," ಎಂದರು ಅವರು. "ಶಕ್ತಿ ಉಂಟು. ನೀವು ಸಂಜೆ ಇಲ್ಲಿಗೆ ಬರುವಷ್ಟರಲ್ಲಿ ಅದು ಖರ್ಚಾಗಿ ಹೋಗಿರ್ತದೆ. ಮತ್ತೆ ಕತ್ತಿಯನ್ನೂ ಬಟ್ಟೆ ಹಿಂಡಿದ ಹಾಗೆ ಹಿಡೀತೀರಿ. ಇನ್ನು ಪರೀಕ್ಷೆವರೆಗೆ ಹಿಂಡುವುದಿಲ್ಲ, ತುರಿಯುವುದಿಲ್ಲ, ಒತ್ತುವುದಿಲ್ಲ. ಕಲ್ಲನ್ನು ಅಂಗಳಕ್ಕೆ ಬಿಸಾಡಿ. ನೋವು ಹೋದ ಮೇಲೆ ಬೆರಳು ತೆರೆಯುವ ವ್ಯಾಯಾಮ ಮಾತ್ರ. ಡಬ್ಬದಲ್ಲಿ ಅಕ್ಕಿ ತುಂಬಿಸಿ, ಕೈಯನ್ನು ಒಳಗೆ ಊರಿ, ಮೆಲ್ಲ ಬೆರಳು ಬಿಡಿಸಿ."

"ಮನೆಯಲ್ಲಿ ಒಪ್ಪಬೇಕಲ್ಲ," ಎಂದೆ.

"ಹಾಗಾದ್ರೆ ಎರಡು ಜಡೆ ಹಾಕಲಿಕ್ಕೆ ಈಗಲೇ ಕೂದಲು ಬಿಡಿ ಬಾಯಮ್ಮ," ಎಂದಳು ಗೆಳತಿ.

ದಾರಿಯುದ್ದಕ್ಕೂ ಯೋಚಿಸಿದೆ. ಕೆಲಸ ಮಾಡಿ ಕೈ ಗಟ್ಟಿಯಾಯಿತು ಎಂದರೆ ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗುತ್ತದೆ. ಕೆಲಸ ಬಿಟ್ಟು ಕೈ ಗಟ್ಟಿ ಮಾಡುತ್ತೇನೆ ಎಂದು ಯಾವ ಬಾಯಿಯಿಂದ ಹೇಳುವುದು? ರಾತ್ರಿ ಊಟಕ್ಕೆ ಕೂತಾಗ ಗಂಜಿಯ ಬಟ್ಟಲು ನೋಡುತ್ತಾ, "ಮಾಂಯ್, ಈ ತಪಸ್ಸುಕಾಲದಲ್ಲಿ ನಾನು ಒಂದು ವಸ್ತು ಬಿಡ್ತೇನೆ," ಎಂದೆ.

"ಎಂತ ಬಿಡ್ತೀ? ಚಾ?"

"ಕಾಯಿ ತುರಿಯುವುದು. ಬಟ್ಟೆ ಹಿಂಡುವುದು."

ಮಾಂಯ್ ಉಪ್ಪಿನಕಾಯಿಯ ಚಮಚ ಕೆಳಗಿಟ್ಟರು. "ಮಾಂಸ ಬಿಡುವವರನ್ನು ನೋಡಿದ್ದೇನೆ. ಬ್ರಾಂದಿ ಬಿಡುವವರನ್ನು, ಟಿವಿ ಬಿಡುವವರನ್ನು ನೋಡಿದ್ದೇನೆ. ಕೆಲಸ ಬಿಡುವವರನ್ನು ಈಗ ನೋಡಿದೆ. ಅದು ತಪಸ್ಸು ಹೇಗಾಗ್ತದೆ?"

"ನನಗೆ ಅದು ಬಿಡಲಿಕ್ಕೆ ಕಷ್ಟ ಮಾಂಯ್."

ನಾನು ಹೇಳಿದ್ದು ನಿಜವೇ. ನಾನು ಅಡುಗೆಮನೆಯಲ್ಲಿ ಸುಮ್ಮನೆ ಕೂತದ್ದನ್ನು ಅವರೂ ಕಂಡಿರಲಿಲ್ಲ. ಕೈಯ ನೋವನ್ನೂ ಹೇಳಿದೆ. ಅದಕ್ಕೆ ಅವರು, ನನಗೂ ಉಂಟು, ಯಾರಿಗೆ ಇಲ್ಲ ಎಂದರು. ಆಮೇಲೆ, "ಬಿಡ್ತೇನೆ ಅಂತ ಹೇಳಿದ ಮೇಲೆ ಪೂರ್ತಿ ಬಿಡಬೇಕು," ಎಂದು ತೀರ್ಪು ಕೊಟ್ಟರು. "ಶುಕ್ರವಾರ ಒಂದು ತುಂಡು ಮಾಂಸ ತಿಂದರೂ ಉಪವಾಸ ಹೋಯಿತು. ಇದೂ ಹಾಗೆ."

ಹೀಗೆ ನನ್ನ ವಿಶ್ರಾಂತಿಗೆ ಪೊಲೀಸರ ನೇಮಕವಾಯಿತು. ಮಾಂಯ್‌ಗೆ ಕತ್ತಿವರಸೆಯಲ್ಲಿ ನಂಬಿಕೆಯಿಲ್ಲ, ತಪಸ್ಸಿನಲ್ಲಿ ಉಂಟು. ನೆಲದಲ್ಲಿ ನೀರು ಚೆಲ್ಲಿದರೆ ನನ್ನ ಕೈ ತಾನಾಗಿ ಬಟ್ಟೆಗೆ ಹೋಗುತ್ತಿತ್ತು. "ತಪಸ್ಸು," ಎಂಬ ಒಂದೇ ಶಬ್ದ ಎಲ್ಲಿಂದಲೋ ಬರುತ್ತಿತ್ತು. ನಲ್ಲಿ ಬಿಗಿ ಮಾಡಲು ಹೋದರೆ, "ತಪಸ್ಸು." ಒಂದು ಸಲ ಕಿಸೆಯಲ್ಲಿಟ್ಟುಕೊಂಡ ಕರ್ಚೀಫನ್ನು ಬೇಸಿನಿನಲ್ಲಿ ಕದ್ದು ಹಿಂಡಿದೆ. ಸಂಜೆ ಅದನ್ನು ಹಗ್ಗದ ಮೇಲೆ ನೋಡಿದ ಮಾಂಯ್, "ಇದನ್ನು ಹಿಂಡಿದ್ದು ಯಾರು? ನನ್ನ ಮಗ ಹಿಂಡಿದರೆ ಇಷ್ಟು ಒಣಗುವುದಿಲ್ಲ," ಎಂದರು.

ಕಾಯಿ ತುರಿಯುವ ಕೆಲಸ ಗಂಡನ ಪಾಲಿಗೆ ಬಂತು. ತುರಿಮಣೆಯ ಮೇಲೆ ಅವರು ಒಂಟೆಯ ಮೇಲೆ ಕೂತ ಹಾಗೆ ಕೂರುತ್ತಿದ್ದರು. ಸ್ಟೋರಿನ ಮನುಷ್ಯನಲ್ಲವೇ, ಗೆರಟೆಯಲ್ಲಿ ಒಂದು ಚೂರೂ ಉಳಿಯಬಾರದು. ತುರಿಯ ಜೊತೆಗೆ ಗೆರಟೆಯ ಕಂದು ಪುಡಿಯೂ ಬಂತು, ಬಂಗುಡೆ ಸಾರು ಚಾಕಲೇಟಿನ ಬಣ್ಣಕ್ಕೆ ತಿರುಗಿತು.

"ಪುತಾ, ಕಾಯಿ ತುರಿ ಅಂದ್ರೆ ಕಾಯಿ ತುರಿಯಬೇಕು. ಮರವನ್ನಲ್ಲ," ಎಂದರು ಮಾಂಯ್.

"ಫೈಬರ್ ಅಮ್ಮಾ, ಹೊಟ್ಟೆಗೆ ಒಳ್ಳೇದು."

"ನಿನ್ನ ಹೆಂಡತಿಯ ತಪಸ್ಸಿಗೆ ನಮ್ಮ ಹೊಟ್ಟೆಗೆ ಶಿಕ್ಷೆ."

ನಿಜವಾದ ಕಷ್ಟ ನನಗೇ. ಮಾಡಲು ಏನೂ ಇಲ್ಲದ ಕೈಯನ್ನು ಎಲ್ಲಿಡಬೇಕು ಎಂದು ಗೊತ್ತಾಗುತ್ತಿರಲಿಲ್ಲ. ಮಡಿಲಲ್ಲಿ ಇಟ್ಟರೆ ಫೋಟೋ ತೆಗೆಸಿಕೊಳ್ಳಲು ಕೂತ ಹಾಗೆ. ಮೇಜಿನ ಮೇಲಿಟ್ಟರೆ ಬೆರಳು ತಾನಾಗಿ ರೊಟ್ಟಿಯ ಪುಡಿ ಹೆಕ್ಕುತ್ತಿತ್ತು. ಒಂದು ಭಾನುವಾರ ತಡೆಯಲಾರದೆ ಮಾಂಯ್ ಬಳಿ ಕೇಳಿದೆ. "ಭಾನುವಾರ ಉಪವಾಸ ಇಲ್ಲವಲ್ಲ ಮಾಂಯ್, ಇವತ್ತು ಒಂದು ಅರ್ಧ ಕಾಯಿ ತುರಿಯಲಾ?"

ಅವರು ಯೋಚನೆಗೆ ಬಿದ್ದರು. ಅವರಿಗೆ ಇದು ಶಾಸ್ತ್ರದ ಪ್ರಶ್ನೆ. "ಪಾದ್ರಿಯವರನ್ನು ಕೇಳಬೇಕಾಗ್ತದೆ," ಎಂದರು ಕೊನೆಗೆ. ಕಾಯಿ ತುರಿಯುವ ವಿಷಯ ಪಾದ್ರಿಯವರವರೆಗೆ ಹೋಗುವುದು ಬೇಡ ಎಂದು ಸುಮ್ಮನಾದೆ.

ಕೆಲವು ದಿನಗಳಲ್ಲಿ ಮೊಣಕೈಯ ತಂತಿ ಸಡಿಲಾಯಿತು. ಅಕ್ಕಿಯ ಡಬ್ಬದಲ್ಲಿ ಕೈ ಹಾಕುವುದಕ್ಕೆ ಮಾತ್ರ ಮಾಂಯ್ ಒಪ್ಪಲಿಲ್ಲ, ಉಣ್ಣುವ ಅಕ್ಕಿ. ಸುದ್ದಿ ತಿಳಿದ ಗೆಳತಿ ಮರುದಿನವೇ ಕಾಪು ಬೀಚಿನಿಂದ ಒಂದು ಬಕೆಟ್ ಹೊಯ್ಗೆ ತಂದಳು, ಅಂಗಳದಲ್ಲಿ ಹರವಿ ಒಣಗಿಸಿದೆವು. ಒಂದು ಕಪ್ಪೆಚಿಪ್ಪು, ಸಣ್ಣ ಬಲೆಯ ನೂಲು ಅದರಲ್ಲಿತ್ತು. ಸಂಜೆ ತೇರ್ಸಿನ ಹೊತ್ತಿಗೆ, ಎಂದರೆ ಮನೆಯವರೆಲ್ಲ ಕೂತು ಜಪಸರ ಹೇಳುವ ಹೊತ್ತಿಗೆ, ನನ್ನ ಎಡಗೈಯಲ್ಲಿ ಮಣಿಗಳು ಓಡುತ್ತಿದ್ದವು, ಬಲಗೈ ಬಕೆಟ್ಟಿನೊಳಗೆ. ಹೊಯ್ಗೆಯಲ್ಲಿ ಮುಷ್ಟಿ ಹೂತು, ಬೆರಳುಗಳನ್ನು ಮೆಲ್ಲ ಬಿಡಿಸಬೇಕು. ಹೊರಗೆ ನೋಡುವವರಿಗೆ ಏನೂ ಕಾಣುವುದಿಲ್ಲ, ಒಳಗೆ ಪ್ರತಿ ಬೆರಳಿಗೂ ಒಂದೊಂದು ಬಾಗಿಲು ತಳ್ಳಿದ ಹಾಗೆ. ನಾನು ಒಂದು ದಿನ ಸ್ನಾನ ಮುಗಿಸಿ ಬರುವಾಗ ಮಾಂಯ್ ಆ ಬಕೆಟ್ಟಿನ ಮುಂದೆ ಸ್ಟೂಲು ಹಾಕಿ ಕೂತಿದ್ದರು. ನನ್ನನ್ನು ಕಂಡ ಕೂಡಲೇ ಕೈ ತೆಗೆದು, "ಇದರಲ್ಲಿ ಇರುವೆ ಉಂಟಾ ಅಂತ ನೋಡಿದೆ," ಎಂದರು. ಅವರ ಬೆರಳಿನ ಗಂಟುಗಳ ಸಂದಿನಲ್ಲಿ ಹೊಯ್ಗೆ ಮಿನುಗುತ್ತಿತ್ತು.

ಹಾಲಿನಲ್ಲಿ ಟೀಚರ್ ನನಗೆ ಹಿಡಿತವನ್ನೇ ಮೊದಲಿನಿಂದ ಕಲಿಸಿದರು. ಕಿರುಬೆರಳು ಮತ್ತು ಅದರ ಪಕ್ಕದ್ದು ಹಿಡಿಯಬೇಕು. ಉಳಿದವು ಸುಮ್ಮನೆ ಜೊತೆಗಿರಬೇಕು. ಕತ್ತಿ ತಿರುಗಿ ಬರುವಾಗ ಒಂದು ಕ್ಷಣ ಬಿಗಿ, ಆಮೇಲೆ ಸಡಿಲ. "ಕತ್ತಿ ಓಡಿ ಹೋಗುವುದಿಲ್ಲ ಅಕ್ಕ," ಎನ್ನುತ್ತಿದ್ದರು. ಹೇಳಿದ್ದು ಗೊತ್ತಾಗುತ್ತಿತ್ತು. ಕೈಗೆ ಗೊತ್ತಾಗಲು ಇಗರ್ಜಿಯೇ ಬೇಕಾಯಿತು. ಗರಿಗಳ ಭಾನುವಾರ ತೆಂಗಿನ ಎಳೆಯ ಗರಿ ಹಿಡಿದು ಮೆರವಣಿಗೆಯಲ್ಲಿ ನಡೆಯುವುದು ನಮ್ಮ ಪದ್ಧತಿ. ಬಿಸಿಲು ಏರಿತ್ತು, ಮೆರವಣಿಗೆ ಮೆಲ್ಲ ಹೋಗುತ್ತಿತ್ತು, ಮುಂದಿದ್ದವರ ಗರಿಗಳೆಲ್ಲ ಒಂದೊಂದಾಗಿ ಭುಜಕ್ಕೆ ಒರಗಿದವು. ನನ್ನದು ಮಾತ್ರ ನೆಟ್ಟಗೆ ನಿಂತಿತ್ತು. ಕಿರುಬೆರಳಿನಲ್ಲಿ ಹಿಡಿದು, ಉಳಿದ ಬೆರಳನ್ನು ಬಿಟ್ಟು, ಸ್ವಲ್ಪ ಸ್ವಲ್ಪ ತಿರುಗಿಸಿಯೂ ನೋಡಿದೆ. ನಮ್ಮ ಹಿಂದೆ ನಡೆಯುತ್ತಿದ್ದ ಒಬ್ಬರು ಮಾಂಯ್ ಬಳಿ, ನಿಮ್ಮ ಸೊಸೆಗೆ ಎಷ್ಟು ಭಕ್ತಿ ಎಂದರು.

"ಭಕ್ತಿ ಅಲ್ಲ, ಕ್ಲಾಸು," ಎಂದು ಮಾಂಯ್ ನನ್ನ ಸೊಂಟ ಚಿವುಟಿದರು.

ಈಸ್ಟರ್ ಬಂತು, ಕೋಳಿ ಸಾರು ಬಂತು, ತಪಸ್ಸು ಮುಗಿಯಿತು. ಪರೀಕ್ಷೆಯ ದಿನ ಮಧ್ಯಾಹ್ನ ಊಟ ಮಾಡಿದ ತಟ್ಟೆಯನ್ನೂ ಮಾಂಯ್ ನನ್ನ ಕೈಯಿಂದ ಕಸಿದುಕೊಂಡರು.

ಹಾಲಿನಲ್ಲಿ ಫ್ಯಾನು ಆರಿಸಿದ್ದರು. ಕತ್ತಿಗಳಿಗೆ ತೆಂಗಿನೆಣ್ಣೆ ಹಚ್ಚಿ ಒರೆಸಿದ ವಾಸನೆ, ಕೆಳಗಿನ ಅಂಗಡಿಯ ಬಿಸಿ ಕಾಗದದ ವಾಸನೆ. ಗೆಳತಿ ಮೊದಲು ಹೋದಳು. ಅವಳ ಕತ್ತಿ ಗಾಳಿಯನ್ನು ಬೈಯುತ್ತಾ ತಿರುಗಿತು, ಮುಗಿದಾಗ ಅವಳೂ ಏನೋ ಬೈದಳು, ಟೀಚರ್ ತಲೆಯಾಡಿಸಿದರು. ಹಾಸ್ಟೆಲ್ ಹುಡುಗಿಯರದ್ದೂ ಆಯಿತು. ಕೊನೆಗೆ ನಾನು.

ಈ ಸಲ ಕೈ ಕೆಳಗೆ ಹೋಗಲಿಲ್ಲ. ಚಾಚಿ ನಿಂತೆ. ಮೊನೆಯನ್ನು ಎದುರಿನ ಕಿಟಕಿಯ ಅಡ್ಡ ಸರಳಿಗೆ ಹೊಂದಿಸಿದೆ. ಆಚೆ ಒಂದು ಕಟ್ಟಡದ ಟೆರೇಸಿನಲ್ಲಿ ಯಾರೋ ಬೆಡ್‌ಶೀಟ್ ಕೊಡವುತ್ತಿದ್ದರು. ತಾಸೆ ಶುರುವಾಯಿತು. ಎಡಕ್ಕೆ, ಬಲಕ್ಕೆ, ಕತ್ತಿ ತನ್ನ ಭಾರದಲ್ಲೇ ಹೋಗಿ ತನ್ನ ಭಾರದಲ್ಲೇ ಬಂತು. ಇಷ್ಟೇನಾ ಎನಿಸಿತು. ತಾಸೆ ನಿಲ್ಲಲಿಲ್ಲ. ಗೆಳತಿಗೆ ಬಡಿದದ್ದಕ್ಕಿಂತ ಹೆಚ್ಚು ಹೊತ್ತು ಬಡಿಯುತ್ತಿದ್ದಾರೆ ಎಂದು ನನಗೆ ಗುಮಾನಿ. ಹೆಬ್ಬೆರಳಿನ ಬುಡದಲ್ಲಿ ಹಳೆಯ ತಂತಿ ಮಿಡಿಯಿತು. ಅದರ ಹಿಂದೆಯೇ ಹಳೆಯ ಅಭ್ಯಾಸವೂ ಬಂತು: ಹಲ್ಲು ಕಚ್ಚು, ಗಟ್ಟಿ ಹಿಡಿ, ಒಪ್ಪಿಸು. ದೊಡ್ಡಪ್ಪನ ಮುಖವೂ ಒಮ್ಮೆ ಬಂದು ಹೋಯಿತು. ಮೊನೆ ಒಂದು ಸುತ್ತು ತಡವರಿಸಿತು.

"ಟೀಚರ್," ಎಂದೆ ತಿರುಗಿಸುತ್ತಲೇ, "ನೋವಾಗ್ತಾ ಉಂಟು."

ಹೀಗೆ ಹೇಳಿದ್ದು ನನ್ನ ಕಿವಿಗೆ ವಿಚಿತ್ರವಾಗಿ ಕೇಳಿತು, ಬೇರೆ ಯಾರದೋ ಸ್ವರ.

"ಎಲ್ಲಿ?"

"ಹೆಬ್ಬೆರಳ ಬುಡ."

"ಹೆಬ್ಬೆರಳು ಬಿಡಿ. ಕಿರುಬೆರಳಿಗೆ ಕೊಡಿ," ಎಂದರು ಅವರು, ತಾಸೆ ನಿಲ್ಲಿಸದೆ.

ಬಿಟ್ಟೆ. ಅಂಗೈಯೊಳಗೆ ಒಂದು ಗಾಳಿ ಹೊಕ್ಕ ಹಾಗಾಯಿತು. ಹಿಡಿ ಜಾರಲಿಲ್ಲ, ತಂತಿ ಮೌನವಾಯಿತು, ಕತ್ತಿ ಮತ್ತೆ ತನ್ನ ದಾರಿ ಹಿಡಿಯಿತು. ತಾಸೆ ನಿಂತಾಗ ತೋಳು ನೇರ, ಮೊನೆ ಕಿಟಕಿಯ ಸರಳಿನ ಮೇಲೆ. ಸರಳಿಗಿಂತ ಒಂದು ಚೂರು ಮೇಲೆಯೇ. ಟೆರೇಸಿನಲ್ಲಿದ್ದವರು ಬೆಡ್‌ಶೀಟ್ ಮಡಚಿ ಒಳಗೆ ಹೋಗಿ ಆಗಿತ್ತು.

"ಹ್ಞೂಂ," ಎಂದರು ಟೀಚರ್. "ಒರೆಸಿ ಇಡಿ ಅಕ್ಕ. ಇನ್ನು ಅದು ನಿಮ್ಮದು."

"ಎರಡು ಜಡೆ ತಪ್ಪಿತು ಬಾಯಮ್ಮ," ಎಂದಳು ಗೆಳತಿ, ಮತ್ತು ನನ್ನ ಬೆನ್ನಿಗೆ ಹೊಡೆದಳು. ಆ ಪೆಟ್ಟಿನ ನೋವು ಎರಡು ದಿನ ಇತ್ತು, ಅದನ್ನು ಎಲ್ಲರಿಗೂ ಹೇಳಿದೆ.

ಮನೆಯಲ್ಲಿ ಹೇಳಿದಾಗ ಗಂಡ ಕೈ ಕುಲುಕಿದರು, ಸ್ಟೋರಿಗೆ ಹೊಸ ಮಾಲು ಬಂದಷ್ಟು ಸಂತೋಷದಿಂದ. ಮಾಂಯ್ ನನ್ನ ಮುಂಗೈಯನ್ನು ಹಲಸಿನ ಕಾಯಿ ಬಲಿತಿದೆಯಾ ಎಂದು ನೋಡುವ ಹಾಗೆ ಅಲ್ಲಲ್ಲಿ ಒತ್ತಿ ನೋಡಿದರು.

"ಕಡಿಯಲಿಕ್ಕೆ ಯಾರಾದರೂ ಇದ್ದಾರಾ?"

"ಇಲ್ಲ ಮಾಂಯ್."

"ಮತ್ತೆ ಎಂತಕ್ಕೆ?"

"ನನಗೆ ಬೇಕಿತ್ತು."

ಅವರು ಕೈ ಬಿಟ್ಟು, "ಬೇಕಿದ್ದರೆ ಆಯಿತು," ಎಂದರು.

ಕಾರ್ಕಳಕ್ಕೆ ನಾವು ಹೋದದ್ದು ಬಸ್ಸಿನಲ್ಲಿ. ಕತ್ತಿಗಳನ್ನು ಎರಡು ಬೆಡ್‌ಶೀಟಿನಲ್ಲಿ ಸುತ್ತಿ ಟೀಚರ್ ಒಂದು ಕಟ್ಟು ಹಿಡಿದಿದ್ದರು, ನಾನೊಂದು. ಬಸ್ಸು ತುಂಬಿತ್ತು. ಹಿಂದಿನ ಬಾಗಿಲಿನ ಬಳಿ ಹೇಗೋ ನಿಂತುಕೊಂಡೆವು. ಬಿಳಿ ಚೂಡಿದಾರಕ್ಕೆ ಕೆಂಪು ಶಾಲನ್ನು ಸೊಂಟಕ್ಕೆ ಬಿಗಿದುಕೊಂಡ ನಾವು ಮದುವೆಗೆ ಹೋಗುವವರ ಹಾಗೂ ಇರಲಿಲ್ಲ, ಆಸ್ಪತ್ರೆಗೆ ಹೋಗುವವರ ಹಾಗೂ ಇರಲಿಲ್ಲ. ಕಂಡಕ್ಟರ್ ಬಂದು ನನ್ನ ಕಟ್ಟನ್ನು ನೋಡಿದ.

"ಎಂತ ಅದು ಅಕ್ಕ? ಪೈಪಾ?"

"ಕತ್ತಿ," ಎಂದೆ.

"ಸೊಪ್ಪು ಕೊಯ್ಯುವುದಾ?"

"ಅಲ್ಲ. ಹೋರಾಡುವುದು."

ಅವನು ನಕ್ಕ. ಆಗ ಬಸ್ಸು ಒಂದು ತಿರುವಿನಲ್ಲಿ ವಾಲಿ ಬೆಡ್‌ಶೀಟಿನ ತುದಿ ಜಾರಿ, ಒಂದು ಹಿಡಿ ಮತ್ತು ಒಂದು ಗೇಣು ಕಬ್ಬಿಣ ಹೊರಗೆ ಕಂಡಿತು. ಅವನ ನಗು ನಿಧಾನವಾಗಿ ನಿಂತಿತು. ಎದುರಿನ ಸೀಟಿನಲ್ಲಿ ಕಿವಿಗೆ ವಯರ್ ಸಿಕ್ಕಿಸಿ ಕಣ್ಣು ಮುಚ್ಚಿದ್ದ ಯುವಕನೊಬ್ಬ ಕಣ್ಣು ತೆರೆದು, ಕತ್ತಿ ನೋಡಿ, ನನ್ನನ್ನು ನೋಡಿ, ಎದ್ದು ನಿಂತ.

"ಕೂತುಕೊಳ್ಳಿ ಆಂಟಿ."

ಈ ದಾರಿಯಲ್ಲಿ ನಾನು ಮದುವೆಯಾದಂದಿನಿಂದ ಓಡಾಡಿದ್ದೇನೆ, ಒಂದು ಕಾಲದಲ್ಲಿ ಮಗು ಎತ್ತಿಕೊಂಡು, ಆಮೇಲೆ ಹಲಸಿನ ಹಣ್ಣು ಎತ್ತಿಕೊಂಡು. ಕೇಳದೆ ಯಾರೂ ಸೀಟು ಬಿಟ್ಟದ್ದು ನೆನಪಿಲ್ಲ. ಬೇಡ ಪರವಾಗಿಲ್ಲ, ನೀವು ಕೂತುಕೊಳ್ಳಿ ಎಂಬ ಮಾತು ಅಭ್ಯಾಸದಂತೆ ನಾಲಗೆಯ ತುದಿಗೆ ಬಂತು.

ಅಲ್ಲಿಂದ ಹೊರಗೆ ಬಿಡಲಿಲ್ಲ. ಥ್ಯಾಂಕ್ಸ್ ಎಂದು ಹೇಳಿ ಕೂತೆ.